ಅಕ್ಕ ಬಿಟ್ಟುಕೊಟ್ಟ ಒಂಬತ್ತು ಬೇಸಿಗೆ

ಬೆಕ್ಕು ಒಳಬಂದ ಕೂಡಲೇ ಬಾಗಿಲು ಮುಚ್ಚಿ ಸೌದೆ ಉಳಿಸಲೆಂದು ಅದರ ಬಾಲವನ್ನೇ ಕತ್ತರಿಸುವವರು ಎಂದು ಬಲ್ಗೇರಿಯವೆಲ್ಲ ನಮ್ಮ ಗಾಬ್ರೊವೊ ಊರಿನವರನ್ನು ಗೇಲಿ ಮಾಡುತ್ತದೆ. ಮಾಡಲಿ. ಆದರೆ ನನ್ನ ಅಕ್ಕ ರಾಯ್ನಾಳನ್ನು ಯಾರಾದರೂ ಜಿಪುಣಿ ಎಂದರೆ ನನಗೆ ಮೈ ಉರಿಯುತ್ತದೆ. ನಾಳೆಯ ಮೇಲೆ ಅವಳಿಗಿದ್ದಷ್ಟು ನಂಬಿಕೆ ನಮ್ಮ ಪಾದ್ರಿಗೆ ಸ್ವರ್ಗದ ಮೇಲೂ ಇರಲಿಲ್ಲ. ಅವಳ ತಪ್ಪು ಅದೊಂದೇ.

ನಾವಿಬ್ಬರೂ ಒಂದೇ ನೂಲಿನ ಗಿರಣಿಯಲ್ಲಿದ್ದೆವು. ಸಂಬಳದ ದಿನ ಅಕ್ಕ ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಆರು ಲಕೋಟೆಗಳಿಗೆ ನೋಟು ಹಂಚುತ್ತಿದ್ದಳು. ಸೌದೆಗೆ ಒಂದು, ದಿನಸಿಗೆ ಒಂದು, ಬಟ್ಟೆಬರೆಗೆ ಒಂದು, ಚಳಿಗಾಲಕ್ಕೆಂದು ಜಾಡಿಗಳಲ್ಲಿ ತುಂಬಿಡುವ ಮೆಣಸಿನಕಾಯಿ, ಜಾಮುಗಳಿಗೆ ಒಂದು, ಮದುವೆ ಸಾವುಗಳಿಗೆ ಇನ್ನೊಂದು. ಕೊನೆಯದರ ಮೇಲೆ ‘ಸಮುದ್ರ’ ಎಂದು ಬರೆದಿತ್ತು. ಮಗಳ ಬೂಟು ಹರಿದರೆ ಆ ಲಕೋಟೆಗೇ ಕೈ. ಸೌದೆ ದುಬಾರಿಯಾದರೂ ಅದಕ್ಕೇ ಕೈ. ಅದರಲ್ಲಿ ಏನಾದರೂ ಉಳಿದರೆ ತಿಂಗಳ ಕೊನೆಗೆ ಬ್ಯಾಂಕಿನ ಮನೆ ಖಾತೆಗೆ ಹೋಗುತ್ತಿತ್ತು.

ಆ ಮನೆ ಖಾತೆಯನ್ನು ಮಗು ಹುಟ್ಟಿದ ವರ್ಷವೇ ತೆರೆಯುವುದು ಆಗಿನ ರೂಢಿ. ತಿಂಗಳು ತಿಂಗಳೂ ಕಟ್ಟುತ್ತಾ ಹೋದರೆ ಮಗು ಬೆಳೆದು ನಿಲ್ಲುವಷ್ಟರಲ್ಲಿ ಒಂದು ಫ್ಲಾಟು ಕೊಳ್ಳುವ ಸರದಿ ಬರುತ್ತದೆ. ನಡುವೆ ಹಣ ತೆಗೆದರೆ ಸರದಿ ಕೈತಪ್ಪಿತೆಂದೇ ಅರ್ಥ. ಅಕ್ಕನಿಗಿದ್ದವಳು ನೆವೆನಾ ಒಬ್ಬಳೇ ಮಗಳು. ಅವಳು ಹುಟ್ಟಿದ ಎಪ್ಪತ್ತಾರನೇ ಇಸವಿಯಿಂದ ಅಕ್ಕ ಒಂದು ತಿಂಗಳೂ ತಪ್ಪಿಸಲಿಲ್ಲ.

ನಮ್ಮ ಗಿರಣಿಗೆ ವಾರ್ನಾ ಪಟ್ಟಣದ ಆಚೆ, ಕಡಲ ದಡದಲ್ಲಿ, ಒಂದು ವಿಶ್ರಾಂತಿಗೃಹವಿತ್ತು. ಒಳ್ಳೆಯ ಕೆಲಸಗಾರರಿಗೆ ಬೇಸಿಗೆಯಲ್ಲಿ ಮನೆಮಂದಿ ಸಮೇತ ಹತ್ತು ದಿನ ಅಲ್ಲಿರುವ ಚೀಟಿ ಸಿಗುತ್ತಿತ್ತು. ಅಕ್ಕನ ಹೆಸರು ಪಟ್ಟಿಯಲ್ಲಿ ಪ್ರತಿ ವರ್ಷವೂ ಇರುತ್ತಿತ್ತು. ನನ್ನ ಹೆಸರು ನನ್ನ ಬಾಯಿಯ ದೆಸೆಯಿಂದ ಎಂದೂ ಇರುತ್ತಿರಲಿಲ್ಲ. ಮೊದಲ ಸಲ ಚೀಟಿ ಬಂದಾಗ ನೆವೆನಾಗೆ ಐದು ವರ್ಷ. ಅಕ್ಕ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟಳು.

“ತಗೋ ದೋಂಕಾ, ನೀನು ನಿನ್ನ ಹುಡುಗರನ್ನ ಕರ್ಕೊಂಡು ಹೋಗು.”

“ಯಾಕೆ? ಚೀಟಿ ಪುಕ್ಕಟೆ ಅಲ್ವಾ?”

“ಚೀಟಿ ಪುಕ್ಕಟೆ. ಈಜೋ ಬಟ್ಟೆ ಪುಕ್ಕಟೆನಾ? ಐಸ್‌ಕ್ರೀಮು, ಕರಿದ ಮೀನು ಎಲ್ಲ ಪುಕ್ಕಟೆನಾ? ಅಷ್ಟರಲ್ಲಿ ಎರಡು ತಿಂಗಳ ಕಂತು ಕಟ್ತೀನಿ. ಸಮುದ್ರ ಎಲ್ಲಿಗೂ ಹೋಗಲ್ಲ, ಮುಂದಿನ ವರ್ಷ ಹೋದ್ರಾಯ್ತು.”

ಅವಳ ಹಿಂದೆಯೇ ಬಂದ ಅವಳ ಗಂಡ, ಭಾವ ಮಿಂಚೋ, ಬಾಗಿಲಿಂದಲೇ ಕೂಗಿದ: “ನಿಮ್ಮಕ್ಕ ಬೆಕ್ಕು ಸಾಕಿದ್ರೆ ಬಾಲ ಮಾತ್ರ ಅಲ್ಲ ದೋಂಕಾ, ಕಾಲೂ ಉಳೀತಿರಲಿಲ್ಲ!”

“ಹಾಗಾದ್ರೆ ನೆವೆನಾನಾದ್ರೂ ನನ್ನ ಜೊತೆ ಕಳಿಸು,” ಎಂದೆ.

ಅಕ್ಕನ ಮುಖ ಬಿಗಿಯಾಯಿತು. “ಬೇಡ. ಅವಳಿಗೆ ಸಮುದ್ರ ನಾನೇ ತೋರಿಸ್ಬೇಕು. ಮೊದಲ ಸಲ ನೋಡಿದಾಗ ಅವಳ ಮುಖ ಹೇಗಾಗುತ್ತೆ ಅಂತ ನಾನು ನೋಡ್ಬೇಕು ಕಣೇ. ನನಗೆ ಇರೋ ಆಸೆ ಅದೊಂದೇ.”

ಹೀಗೆ ಒಂಬತ್ತು ಬೇಸಿಗೆ ಕಳೆದವು. ಒಂಬತ್ತು ಸಲವೂ ಅಕ್ಕನ ಚೀಟಿಯಲ್ಲಿ ನಾನು ಹೋಗಿ ಕಪ್ಪಗಾಗಿ ಬಂದೆ. ಬಂದ ದಿನವೇ ಅವಳು ಕೆಲಸ ಮುಗಿಸಿ ನೇರ ನನ್ನ ಮನೆಗೆ ಬರುತ್ತಿದ್ದಳು. ನನ್ನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀರು ಕಂಡಾಗ ಏನಂದಿರಿ, ಹೆದರಿದಿರಾ, ನಕ್ಕಿರಾ ಎಂದು ಕೆದಕಿ ಕೆದಕಿ ಕೇಳುವಳು. ಅವರು ಹೇಳಿದ್ದನ್ನೆಲ್ಲ ಬಾಯಿ ಅರ್ಧ ತೆರೆದು ಕೇಳಿಸಿಕೊಳ್ಳುವಳು. ಅವಳು ಹೋದ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ. ಆದರೂ ಮರುವರ್ಷ ಚೀಟಿಗೆ ಕೈ ಚಾಚುತ್ತಿದ್ದೆ. ನಾನೂ ಮನುಷ್ಯಳೇ ತಾನೆ.

ಆಮೇಲೆ ಕಾಲ ತಿರುಗಿತು. ಸರ್ಕಾರ ಬಿತ್ತು, ಗಿರಣಿ ಅರ್ಧಕ್ಕರ್ಧ ಮುಚ್ಚಿತು, ವಿಶ್ರಾಂತಿಗೃಹವನ್ನು ಯಾರೋ ಕೊಂಡರು. ಅಕ್ಕ ಮಾತ್ರ ಕಂತು ನಿಲ್ಲಿಸಲಿಲ್ಲ. ಖಾತೆ ಒಡೆದು ಹಣ ತೆಗೆ ಎಂದು ಜಗಳವಾಡಿದೆ. “ಇನ್ನೇನು ಸರದಿ ಬರುತ್ತೆ” ಎಂದಳು.

ತೊಂಬತ್ತೇಳರ ಫೆಬ್ರವರಿ ಬಂತು. ಬ್ರೆಡ್ಡಿಗೆ ಬೆಳಿಗ್ಗೆ ಒಂದು ಬೆಲೆ, ಮಧ್ಯಾಹ್ನ ಇನ್ನೊಂದು. ಸಂಬಳ ಕೈಗೆ ಬಂದ ಕೂಡಲೇ ಜನ ಎಣ್ಣೆ, ಸಾಬೂನು, ಏನು ಸಿಕ್ಕರೆ ಅದನ್ನು ಕೊಳ್ಳಲು ಓಡುತ್ತಿದ್ದರು. ಒಂದು ಬೆಳಿಗ್ಗೆ ಅಕ್ಕ ಬ್ಯಾಂಕಿಗೆ ಹೋಗಿ ನನ್ನ ಮನೆಗೆ ಬಂದಳು. ಬಾಗಿಲಲ್ಲೇ ನಿಂತಳು.

“ಎಲ್ಲಾ ತೆಗೆದೆ. ಇಪ್ಪತ್ತು ವರ್ಷದ್ದು. ಸ್ಟೇಷನ್ನಲ್ಲಿ ಕೇಳ್ಕೊಂಡೇ ಬಂದೆ, ಆ ದುಡ್ಡಿಗೆ ವಾರ್ನಾಕ್ಕೆ ಹೋಗಿಬರೋಕೆ ಮೂರು ಟಿಕೆಟ್ ಆಗುತ್ತೆ. ನಾಳೆ ಆದ್ರೆ ಎರಡೇ ಆಗೋದು. ಹೊರಡು.”

“ನಿನಗೇನು ತಲೆ ಕೆಟ್ಟಿದೆಯಾ? ಈ ಚಳೀಲಿ ಯಾರು ಸಮುದ್ರಕ್ಕೆ ಹೋಗ್ತಾರೆ? ಹಿಟ್ಟು ತಗೋ ಅಕ್ಕ.”

“ಇಪ್ಪತ್ತು ವರ್ಷದಿಂದ ಹಿಟ್ಟೇ ತಗೊಂಡಿದೀನಿ.”

ಅವಳ ಕಣ್ಣು ನೋಡಿ, ಕೋಟು ಹಾಕಿಕೊಂಡು, ಅಂದೇ ಟಿಕೆಟ್ ಕೊಳ್ಳಲು ಅವಳ ಜೊತೆ ಹೊರಟೆ. ಭಾವ, “ನನಗೆ ಸ್ನಾನದ ತೊಟ್ಟಿ ಸಾಕು, ನೀವು ಹೋಗ್ಬನ್ನಿ” ಎಂದು ಉಳಿದುಕೊಂಡ. ಮರುದಿನ ನಸುಕಿನಲ್ಲೇ ನಾವು ಮೂವರು ರೈಲು ಹತ್ತಿದೆವು. ದಾರಿಯಲ್ಲೊಮ್ಮೆ ಅಕ್ಕ ತೂಕಡಿಸಿದಾಗ ನೆವೆನಾ ನನ್ನ ಕೈ ಹಿಸುಕಿದಳು. ಅವಳಿಗಾಗ ಇಪ್ಪತ್ತು ದಾಟಿತ್ತು. ಹಿಂದಿನ ಬೇಸಿಗೆ ಗೆಳತಿಯರ ಜೊತೆ ಕದ್ದು ವಾರ್ನಾಕ್ಕೆ ಹೋಗಿಬಂದದ್ದನ್ನು ನನಗೊಬ್ಬಳಿಗೇ ಹೇಳಿದ್ದಳು.

“ಚಿಕ್ಕಮ್ಮ, ಬಾಯಿ ಬಿಡ್ಬೇಡ. ಅಮ್ಮನ ಪಾಲಿಗೆ ನಾನು ಸಮುದ್ರ ನೋಡ್ತಿರೋದು ಇದೇ ಮೊದಲು.”

ವಾರ್ನಾ ನಿಲ್ದಾಣದಿಂದ ಹೊರಬಂದರೆ ಬಂದರಿನ ಗೋಡೆ, ಗೋಡೆಯಾಚೆ ಕ್ರೇನುಗಳು. ಅಲ್ಲಿಂದ ಸಮುದ್ರ ಕಾಣುವುದಿಲ್ಲ. ಗಿರಣಿಯ ಬಸ್ಸು ಸೀದಾ ವಿಶ್ರಾಂತಿಗೃಹದ ಬಾಗಿಲಲ್ಲೇ ಇಳಿಸುತ್ತಿದ್ದುದರಿಂದ ನನಗೂ ಈ ದಾರಿ ತಿಳಿಯದು. ನೆವೆನಾ ಅಮ್ಮನ ತೋಳು ಹಿಡಿದು ಸರಸರನೆ ನಡೆಸಿಕೊಂಡು ಹೋದಳು. ಬಲಕ್ಕೆ ತಿರುಗಿ, ಉದ್ಯಾನ ದಾಟಿ, ಮೆಟ್ಟಿಲಿಳಿದು ಮರಳಿಗೆ ತಲುಪಿದೆವು.

ಬೂದು ಬಣ್ಣದ ನೀರು, ಕೊರೆಯುವ ಗಾಳಿ, ನರಪಿಳ್ಳೆಯೂ ಇಲ್ಲ. ನೆವೆನಾ ಎರಡೂ ಕೆನ್ನೆಗೆ ಕೈ ಹಚ್ಚಿ ಕೂಗಿದಳು: “ಅಮ್ಮಾ! ಅಬ್ಬಾ, ಇಷ್ಟು ದೊಡ್ಡದಾ!”

ಅಕ್ಕ ಸಮುದ್ರದ ಕಡೆ ತಿರುಗಲೇ ಇಲ್ಲ. ಮಗಳ ಮುಖವನ್ನೇ ಬಹಳ ಹೊತ್ತು ನೋಡಿದಳು.

“ಹ್ಞೂ ಕಂದಾ, ದೊಡ್ಡದು. ಅಲ್ನೋಡು, ಹಡಗು.”

“ಎಲ್ಲಮ್ಮಾ?”

“ಅಲ್ಲಿ, ನನ್ನ ಬೆರಳು ನೋಡು.” ಆ ಎತ್ತರದ ಹುಡುಗಿ ಬಗ್ಗಿ ಅಮ್ಮನ ಭುಜಕ್ಕೆ ಗಲ್ಲವಿಟ್ಟು ನೋಡಿದಳು. ಆಮೇಲೆ ಚಿಪ್ಪು ಆಯುತ್ತಾ ನೀರಿನಂಚಿಗೆ ಹೋದಳು.

ಅಕ್ಕ ಮೆಲ್ಲಗೆ ಹೇಳಿದಳು: “ಸ್ಟೇಷನ್ನಿಂದ ಇಲ್ಲೀವರೆಗೂ ಒಬ್ಬರನ್ನೂ ದಾರಿ ಕೇಳ್ಲಿಲ್ಲ ಅವಳು.”

ನಾನು ಹಡಗಿನ ಕಡೆ ಮುಖ ತಿರುಗಿಸಿದೆ.

“ನಿನಗೆ ಗೊತ್ತಿತ್ತು.”

“ಗೊತ್ತಿತ್ತು ಅಕ್ಕ.”

“ನನಗೆ ತಿಳೀತು ಅಂತ ಅವಳಿಗೆ ಹೇಳ್ಬೇಡ. ಪಾಪ, ಎಷ್ಟು ಚೆನ್ನಾಗಿ ಕೂಗಿದ್ಲು.” ಅಕ್ಕ ಮಗಳ ಬೆನ್ನನ್ನೇ ನೋಡಿದಳು. “ಐದು ವರ್ಷದವಳಿದ್ದಾಗ ಕೂಗಿದ್ರೆ ಹೇಗಿರ್ತಿತ್ತೋ ಕಣೇ ದೋಂಕಾ.”

ನಾನು ಅವಳ ಕೈ ಹಿಡಿದುಕೊಂಡೆ.

ದೂರದಿಂದ ನೆವೆನಾ ಬೊಗಸೆ ಎತ್ತಿ ಹಿಡಿದು ಕರೆದಳು: “ಅಮ್ಮಾ, ಬೇಗ ಬಾ! ಏನು ಸಿಕ್ಕಿದೆ ನೋಡು!”

ಅಕ್ಕ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡು, “ಬಂದೆ ಪುಟ್ಟಿ, ಬಂದೆ!” ಎನ್ನುತ್ತಾ ಆ ಒದ್ದೆ ಮರಳಿನಲ್ಲಿ ಓಡಿದಳು.