ಬೆಳಗಿನ ಎರಡು ನಿಮಿಷದ ಸದ್ದು

ಕಳೆದ ವರ್ಷ ಆಯುಧಪೂಜೆ ಮುಗಿದ ಮೂರನೆಯ ದಿನ, ಬೆಳಿಗ್ಗೆ ಆರೂವರೆಗೆ, ಇಪ್ಪತ್ತೆರಡು ವರ್ಷಗಳಿಂದ ನನ್ನೊಂದಿಗಿರುವ ಕಾರು ಶಿವಮೊಗ್ಗದ ಗೋಪಾಳದ ನಮ್ಮ ಮನೆಯ ಮುಂದೆ ಮೊದಲ ಬಾರಿಗೆ ಕಟಕಟ ಸದ್ದು ಮಾಡಿತು. ಎರಡು ನಿಮಿಷದ ನಂತರ ಎಂಜಿನ್ ಬೆಚ್ಚಗಾಗುತ್ತಿದ್ದಂತೆ ಸದ್ದು ನಿಂತಿತು. ಸರ್ಕಾರಿ ಕಚೇರಿಯ ದಾಖಲೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಅಂದೇ ಒಂದು ನೋಟುಪುಸ್ತಕ ತೆರೆದು ದಿನಾಂಕ, ವೇಳೆ, ಸದ್ದಿನ ಅವಧಿ ಎಲ್ಲವನ್ನೂ ಬರೆದಿಟ್ಟೆ.

ಮೂರು ಬಾರಿ ಗ್ಯಾರೇಜಿಗೆ ಒಯ್ದೆ. ಅಲ್ಲಿಗೆ ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿ, ಸದ್ದು ಮಾಯವಾಗಿರುತ್ತಿತ್ತು. ಮೂರನೆಯ ಸಲ ಗ್ಯಾರೇಜಿನ ಮಾಲೀಕ ನಾಲ್ಕು ಜನ ಗಿರಾಕಿಗಳ ಎದುರಿಗೇ ಹೇಳಿದ: "ಸಾರ್, ಸದ್ದು ಗಾಡೀಲಿಲ್ಲ, ನಿಮ್ಮ ಕಿವೀಲಿದೆ. ಬೇಕಾದ್ರೆ ಎಂಜಿನ್ ಬಿಚ್ತೀನಿ. ಇಷ್ಟು ಹಳೇದು ಮತ್ತೆ ಸರಿಯಾಗಿ ಕೂಡತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ." ನಾಲ್ವರೂ ನಕ್ಕರು. ನೀಲಿ ಅಂಗಿಯವನು ಉಳಿದವರು ನಿಲ್ಲಿಸಿದ ಮೇಲೂ ನಗುತ್ತಿದ್ದ. ಮಾಲೀಕನ ಮಾತನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡೆ.

ಮನೆಯಲ್ಲಿಯೂ ನನ್ನ ಪರವಾಗಿ ಯಾರೂ ಇರಲಿಲ್ಲ. ನನ್ನ ಹೆಂಡತಿ ಗಿರಿಜೆಯ ತಮ್ಮ ಮಲ್ಲೇಶಿಗೆ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿಯಿದೆ. ಅವನು ಬಂದು, "ಭಾವ, ಗಾಡಿಗೂ ನಿಮಗೂ ಒಂದೇ ಕಾಯಿಲೆ. ಎದ್ದ ತಕ್ಷಣ ಗೊಣಗೋದು, ಒಳಗೆ ಬಿಸಿ ಹೋದ್ಮೇಲೆ ಸರಿಯಾಗೋದು" ಎಂದ. ಅಷ್ಟಕ್ಕೇ ಬಿಡಲಿಲ್ಲ, ಭಾನುವಾರ ಗುಜರಿಯವನನ್ನು ಕರೆತರುವುದಾಗಿಯೂ ಹೇಳಿದ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತದ್ದು ಈ ಕಾರಿನಲ್ಲಿ. "ಈ ವಯಸ್ಸಲ್ಲಿ ಇದೆಲ್ಲ ಬರಲ್ಲ ಭಾವ" ಎಂದು ಅಂದು ನಕ್ಕವನೂ ಇದೇ ಮಲ್ಲೇಶಿ.

ಗಿರಿಜೆ ಮಾತ್ರ ನಗಲಿಲ್ಲ. "ದಾರೀಲಿ ಕೆಟ್ಟು ನಿಂತ್ರೆ ಈ ವಯಸ್ಸಲ್ಲಿ ತಳ್ಳೋರು ಯಾರು? ಭಾನುವಾರದೊಳಗೆ ಏನು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಕೊಟ್ಟುಬಿಡೋಣ ರೀ" ಎಂದಳು. ಆಗಲಿ ಎಂದು ಮಾತು ಕೊಟ್ಟೆ.

ಶುಕ್ರವಾರ, ಹಳೆಯ ಸಹೋದ್ಯೋಗಿಯೊಬ್ಬರ ಸಲಹೆಯಂತೆ ಭದ್ರಾವತಿಯ ಕಾಗದನಗರಕ್ಕೆ ಹೋದೆ. ಅಲ್ಲಿನ ಸೆಲ್ವರಾಜ್ ಎಂಬುವರು ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವರು ನನ್ನ ಮಾತನ್ನೆಲ್ಲ ಕೇಳಿದರು, ಬಾನೆಟ್ಟನ್ನು ಮುಟ್ಟಲೂ ಇಲ್ಲ. "ಈಗ ನೋಡಿ ಏನು ಪ್ರಯೋಜನ ಸಾರ್? ಬಿಸಿ ಇರೋವಾಗ ಎಲ್ಲಾ ಎಂಜಿನ್ನೂ ಒಳ್ಳೇದೇ. ಗಾಡಿ ಇಲ್ಲೇ ಮಲಗಲಿ. ಬೆಳಿಗ್ಗೆ ನೀವೇ ಬಂದು ಎಬ್ಬಿಸಿ" ಎಂದರು.

ಇಷ್ಟು ಸರಳವಾದ ವಿಚಾರ ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ನಾನು ಬರುವವರೆಗೆ ಸ್ಟಾರ್ಟ್ ಮಾಡಕೂಡದೆಂದು ಅವರಿಂದ ಎರಡು ಸಲ ಮಾತು ತೆಗೆದುಕೊಂಡು ಬಸ್ಸಿನಲ್ಲಿ ಮನೆಗೆ ಮರಳಿದೆ. ಶನಿವಾರ ಮೊದಲ ಬಸ್ಸಿಗೇ ಹೊರಟು ಮತ್ತೆ ಅವರ ಮನೆಯ ಮುಂದೆ ನಿಂತೆ.

ಕೀಲಿ ತಿರುಗಿಸಿದೆ. ಕಟಕಟ ಸದ್ದು ಶುರುವಾಯಿತು. ಅದನ್ನು ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಕಿಟಕಿಯಿಂದ ತಲೆ ಹೊರಹಾಕಿ, "ಕೇಳಿಸ್ತಾ?" ಎಂದೆ.

"ಕೇಳಿಸ್ತು ಸಾರ್. ನಿಮ್ಮ ಕಿವಿ ಚೆನ್ನಾಗಿದೆ" ಎಂದರು ಸೆಲ್ವರಾಜ್.

ಅವರು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಒಂದೊಂದೇ ಭಾಗಕ್ಕೆ ತಾಗಿಸುತ್ತ ಬಂದರು. ಕೊನೆಗೆ ಹೊಗೆ ಕೊಳವೆಯ ಮೇಲಿನ ತಗಡನ್ನು ಅದೇ ತುದಿಯಿಂದ ಒತ್ತಿದರು. ಸದ್ದು ನಿಂತಿತು. ಬಿಟ್ಟರು, ಮತ್ತೆ ಬಂತು. ಎಂಜಿನ್ ನಿಲ್ಲಿಸಲು ಹೇಳಿ, ಎರಡು ಬೋಲ್ಟು ಬಿಚ್ಚಿ ತಗಡನ್ನು ಎತ್ತಿದಾಗ, ಕಪ್ಪಗಿನ ಗುಂಡು ಪದಾರ್ಥವೊಂದು ಉರುಳಿ ಅವರ ಅಂಗೈಗೆ ಬಿತ್ತು. ಉಗುರಿನಿಂದ ಕೆರೆದು, ಮೂಸಿ ನೋಡಿ, ನನ್ನ ಮುಂದೆ ಹಿಡಿದರು.

"ಇದು ಗಾಡಿ ಪಾರ್ಟ್ ಅಲ್ಲ ಸಾರ್. ಅಡಿಕೆ. ಶಿವಮೊಗ್ಗದ ಗಾಡಿ ಅಲ್ವಾ, ಬೆಳಿಗ್ಗೆ ಎದ್ದ ಕೂಡ್ಲೇ ಬಾಯಿಗೆ ಹಾಕ್ಕೊಂಡಿದೆ."

ಎಂಜಿನ್ ತಣ್ಣಗಿರುವಾಗ ಹೆಚ್ಚು ವೇಗವಾಗಿ ಓಡುತ್ತದೆ, ತಗಡು ಅದುರಿ ಅಡಿಕೆ ಬಡಿದಾಡುತ್ತದೆ. ಬಿಸಿಯಾದಂತೆ ವೇಗ ಇಳಿದು, ತಗಡೂ ಹಿಗ್ಗಿ ಅಡಿಕೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂದು ಅವರು ವಿವರಿಸಿದರು. ನನ್ನ ಗಮನ ಅಲ್ಲಿರಲಿಲ್ಲ. ಬಾನೆಟ್ಟಿನ ಮೇಲೆ ಇಡುವುದು ಪೂಜೆಯೇ ಅಲ್ಲ, ತಾಂಬೂಲವನ್ನು ಎಂಜಿನ್ನಿನ ಮೇಲೆಯೇ ಇಡಬೇಕೆಂದು ಪ್ರತಿ ಆಯುಧಪೂಜೆಯಲ್ಲಿ ಹಟ ಹಿಡಿಯುವವನು ನಾನು. ಪೂಜೆಯಾದ ಮೇಲೆ ಎಲೆ, ಅಡಿಕೆಯನ್ನು ಅಲ್ಲಿಂದ ತೆಗೆದವನೂ ನಾನೇ.

ಸೆಲ್ವರಾಜ್ ನನ್ನ ನೋಟುಪುಸ್ತಕದ ಮೊದಲ ಪುಟ ತೆರೆದು ದಿನಾಂಕದ ಮೇಲೆ ಬೆರಳಿಟ್ಟರು. "ಎಲ್ಲಾ ನೀವೇ ಬರೆದಿದೀರ ಸಾರ್" ಎಂದರು, ಅಷ್ಟೆ.

ಮನೆಗೆ ಬಂದು ಅಡಿಕೆಯನ್ನು ಮೇಜಿನ ಮೇಲಿಟ್ಟೆ. ಗಿರಿಜೆ ಬಹಳ ಹೊತ್ತು ಅದನ್ನೇ ನೋಡಿದಳು. "ಅಯ್ಯೋ ಮಾರಾಯ್ರೆ, ಪೂಜೆ ದಿನಾನೇ ಕೇಳಿದ್ನಲ್ಲ, ಇಟ್ಟಿದ್ದು ಎರಡು ಅಡಿಕೆ ಅಲ್ವಾ ಅಂತ? ಒಂದೇ ಅಂತ ವಾದ ಮಾಡಿದ್ರಿ" ಎಂದವಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಸ್ವಲ್ಪ ಹೊತ್ತಿಗೆ ನನಗೂ ತಡೆಯಲಾಗಲಿಲ್ಲ. ಮರುದಿನ ಬಂದ ಗುಜರಿಯವನು ಕಾಫಿ ಕುಡಿದು ಹೊರಟುಹೋದ. ಮಲ್ಲೇಶಿ ಈಗಲೂ ಊಟವಾದ ಮೇಲೆ ಎಲೆ ಅಡಿಕೆಯ ತಟ್ಟೆ ಚಾಚಿ, "ಭಾವ, ಒಂದು ನಿಮಗೆ, ಒಂದು ಗಾಡಿಗೆ" ಎನ್ನುತ್ತಾನೆ.

ಬರೆದ ದಾಖಲೆಯನ್ನು ಹೊಡೆದುಹಾಕುವುದು ನನ್ನ ಪದ್ಧತಿಯಲ್ಲ. ಆದ್ದರಿಂದ ಗ್ಯಾರೇಜಿನವನ ಮಾತು ನೋಟುಪುಸ್ತಕದಲ್ಲಿ ಹಾಗೆಯೇ ಇದೆ. ಅದರ ಕೆಳಗೆ ಎರಡು ಸಾಲು ಸೇರಿಸಿ ಸಹಿ ಮಾಡಿದ್ದೇನೆ: "ಸದ್ದು ಗಾಡಿಯಲ್ಲೇ ಇತ್ತು. ಇಟ್ಟ ಕೈ ನನ್ನದು." ಎರಡನೆಯ ಸಾಲನ್ನು ಓದಿದಾಗಲೆಲ್ಲ ನಗು ಬರುತ್ತದೆ. ಕಿವಿಯ ವಿಷಯದಲ್ಲಿ ಮಾತ್ರ ಅವನನ್ನು ನಾನಿನ್ನೂ ಕ್ಷಮಿಸಿಲ್ಲ.