ಮೇಣ ಬಳಿದ ಬುತ್ತಿಚೀಲ

ಮಗಳನ್ನು ಜಗಳೂರಿಗೆ ಕೊಟ್ಟ ಮೇಲೆ ಹೆತ್ತವಳಾದ ನನಗೆ ಒಂದೇ ಚಿಂತೆ: ಅವಳ ಅತ್ತೆಯ ಬಾಯಲ್ಲಿ ಅವಳಿಗೆ ಒಳ್ಳೆಯ ಹೆಸರು ಬರಬೇಕು. ಬೀಗಿತ್ತಿ ಕೆಟ್ಟವರಲ್ಲ. ಆದರೆ ಅಡುಗೆಮನೆಯ ಚೊಕ್ಕಟದ ವಿಷಯದಲ್ಲಿ ಯಾರನ್ನೂ ಬಿಡುವವರಲ್ಲ. ನನ್ನ ಮಗಳು ಆಗಲೇ ಸಾಕಷ್ಟು ಬೈಸಿಕೊಂಡಿದ್ದಳು.

ಬೀಗರ ಮನೆಗೆ ಬುತ್ತಿಯಿಲ್ಲದೆ ಹೋಗುವುದುಂಟೇ? ಹಿಂದಿನ ಸಲ ನ್ಯಾಮತಿಯಲ್ಲಿ ಬಸ್ಸು ಹತ್ತುವಷ್ಟರಲ್ಲಿ ಮಳೆ ಹೊಡೆದು ರೊಟ್ಟಿಯೆಲ್ಲ ನೆನೆದು ಮುದ್ದೆಯಾಗಿತ್ತು. ಈ ಶ್ರಾವಣದಲ್ಲಿ ಹಾಗಾಗಬಾರದೆಂದು, ಫೋನಿನಲ್ಲಿ ವಿಡಿಯೊ ನೋಡಿ, ಕ್ಯಾನ್ವಾಸ್ ಚೀಲಕ್ಕೆ ಮೇಣ ಬಳಿಯಲು ಕೂತೆ. ಜೇನುಮೇಣಕ್ಕೆ ಅಗಸೆ ಎಣ್ಣೆ ಬೆರೆಸಿ ಎಂದಿದ್ದರು. ಅದನ್ನು ಹುಡುಕಿಕೊಂಡು ಯಾರು ಅಲೆಯುತ್ತಾರೆ? ಎಣ್ಣೆ ಎಣ್ಣೆಯೇ ಅಲ್ಲವೇ ಎಂದು ಮನೆಯಲ್ಲಿದ್ದ ಹೊಂಗೆ ಎಣ್ಣೆಯನ್ನೇ ಸುರಿದೆ. ಕರಗಿದ್ದನ್ನು ಚೀಲಕ್ಕೆ ಸವರಿ, ಮೇಲೆ ಇಸ್ತ್ರಿ ಪೆಟ್ಟಿಗೆ ಎಳೆದು, ಒಣಗಲು ಬಿಟ್ಟೆ. ಸ್ವಲ್ಪ ವಾಸನೆಯಿತ್ತು, ಹೋಗುತ್ತದೆ ಬಿಡು ಎಂದುಕೊಂಡೆ.

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಮಳೆ ಬಂತು. ಚೀಲದ ಮೇಲೆ ಒಂದು ಹನಿಯೂ ನಿಲ್ಲಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಸೂರಿನಡಿ ಜಾಗವಿದ್ದರೂ ಚೀಲವನ್ನು ಮಳೆಗೊಡ್ಡಿ, ಪಕ್ಕದವರನ್ನೆಲ್ಲ ಕರೆದು ತೋರಿಸಿದೆ. ದಾವಣಗೆರೆಯಲ್ಲಿ ಹತ್ತಿದ ಬಸ್ಸು ತುಂಬಿತ್ತು. ಚೀಲವನ್ನು ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲಿಟ್ಟೆ. ಜಗಳೂರು ಮುಟ್ಟುವವರೆಗೂ ಅದು ಅಲ್ಲೇ ಇತ್ತು.

ಊಟದ ಹೊತ್ತಿಗೆ ಮಗಳೇ ಬುತ್ತಿ ಬಿಚ್ಚಿ ಬಡಿಸಿದಳು. ಬೀಗಿತ್ತಿ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು.

"ಇದೇನ್ರೀ ಬೀಗ್ರೇ, ರೊಟ್ಟಿ ಹೊಂಗೆ ಎಣ್ಣೆ ನಾರತೈತೆ?"

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ನಾನು ಬಡಿದ ರೊಟ್ಟಿಗೆ ಹೆಸರಿಡಬ್ಯಾಡ್ರಿ! ನಿಮ್ಮ ತಟ್ಟೇನೇ ಸರಿಯಾಗಿ ತೊಳೆದಿಲ್ಲ ನೋಡ್ರಿ!" ಎಂದುಬಿಟ್ಟೆ.

ಅಂದ ಮೇಲೆ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡೆ. ಅಯ್ಯೋ ಶಿವನೇ! ಕಹಿ ಗಂಟಲಿಗೇ ಇಳಿಯಿತು. ಎಂಜಿನ್ ಕಾವಿಗೆ ಚೀಲದ ಮೇಣ ಕರಗಿ, ಸುತ್ತಿದ ಬಟ್ಟೆ ದಾಟಿ ರೊಟ್ಟಿಗೆ ಹತ್ತಿತ್ತು.

ಮಗಳು ಚೀಲ ನೋಡಿದಳು, ನನ್ನ ಮುಖ ನೋಡಿದಳು.

"ಅವ್ವಂದೇನೂ ತಪ್ಪಿಲ್ಲ ಅತ್ತಿ. ಎತ್ತಿನ ಗಾಯಕ್ಕೆ ಹೊಂಗೆ ಎಣ್ಣೆ ಹಚ್ಚಿ ಬಂದಿದ್ದೆ. ಕೈ ಸರಿಯಾಗಿ ತೊಳೀದೇ ರೊಟ್ಟಿ ಮುಟ್ಟಿಬಿಟ್ಟೆ."

ಅಲ್ಲ, ತಪ್ಪು ನನ್ನದು ಎನ್ನಬೇಕಿತ್ತು. ಆದರೆ ತಟ್ಟೆ ತೊಳೆದಿಲ್ಲ ಎಂದು ಆಗತಾನೇ ಆಡಿದ ಬಾಯಲ್ಲಿ ಹೇಗೆ ಹೇಳಲಿ? ನಾಚಿಕೆಯಿಂದ ಮೈ ಹಿಡಿಯಾಯಿತು. ಮಗಳ ಕಡೆ ತಲೆಯೆತ್ತಿ ನೋಡಲೂ ಆಗಲಿಲ್ಲ.

ಬೀಗಿತ್ತಿ ತಟ್ಟೆ ಸರಿಸಿ ಸೊಸೆಯ ಕಡೆ ತಿರುಗಿದರು. "ಬೀಗ್ರು ಅಂದಿದ್ದು ಸರಿ ಐತೆ, ಕೊಳೆ ನಮ್ಮನೇದೇ. ನಿಮ್ಮವ್ವ ಅಷ್ಟು ದೂರದಿಂದ ಒಂದು ಹನಿ ತಾಗದಂಗೆ ಬುತ್ತಿ ತಂದಾರೆ. ಇಂಥೋರ ಹೊಟ್ಟೇಲಿ ನೀನು ಹೆಂಗೆ ಹುಟ್ಟಿದ್ಯೇ?"

ಆಗ ನನ್ನ ಬಾಯಿ ತೆರೆಯಿತು.

"ಹೇಳ್ರಿ ಹಂಗೆ," ಎಂದೆ. "ನನಗೂ ಹೇಳಿ ಹೇಳಿ ಸಾಕಾಗೈತೆ."