ಸುಂದರಾ ಹೊರಡಿಸಿದ ಚಪ್ಪಲಿ ಕಾನೂನು

ಸುಂದರಾ ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿದ್ದಳು. ನಾಚಿಕೆಯೇ? ಛೇ! "ಹೊಸಾ ಹುಡಿಗ್ಯಾರ್ನ ನೋಡ್ಕೊಳ್ಳಾಕ ಯಾರರೆ ಬೇಕಲ್ಲ, ಅದಕ್ಕ ಉಳದೇನಿ" ಎನ್ನುತ್ತಿದ್ದಳು. ನಿಪ್ಪಾಣಿಯ ಬೀಡಿ ಕಟ್ಟುವ ಗೌರಾಬಾಯಿಯ ಮಗಳು. ಕನ್ನಡದಲ್ಲಿ ಬೈಯಲು ಶುರು ಮಾಡಿದರೆ ಮರಾಠಿಯಲ್ಲಿ ಮುಗಿಸುವಳು. ಚಿಕ್ಕೋಡಿಯ ನಮ್ಮ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದರೂ ಇಂಗ್ಲಿಷಿಗೆ ಮಾತ್ರ ಮೊದಲ ವರ್ಷದ ನಮ್ಮ ನಡುವೆ ಬಂದು ಕೂಡುತ್ತಿದ್ದಳು.

ನಾನು ಅವಳ ಕೈಗೆ ಸಿಕ್ಕಿದ್ದು ಎಂಬತ್ತೆಂಟರಲ್ಲಿ. ನಾನು ಲಗಮವ್ವ, ಕರೋಶಿಯ ಕುರಿಗಾರ ಮಲಕಾರಿಯ ಮಗಳು. ಬಸ್ಸು ಹತ್ತಿಸುವಾಗಲೇ ಅಪ್ಪ ಹೇಳಿದ್ದ: "ಒಂದ ಸಲ ಅಳಕೋತ ಮನೀಗೆ ಬಂದ್ರ ಕಾಲೇಜ ಬಂದ್. ಸೋದರಮಾವಗ ಕೊಟ್ಟು ಅಕ್ಕಿಕಾಳ ಹಾಕಿಬಿಡ್ತೇನಿ." ಮಾವನಿಗೆ ನನ್ನ ಎರಡರಷ್ಟು ವಯಸ್ಸು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮೊದಲ ದಿನವೇ ಎಡವಟ್ಟು. ನಮ್ಮೂರ ಶಾಲೆಯಲ್ಲಿ ಮಾಡುತ್ತಿದ್ದಂತೆ ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲು ಮುಟ್ಟಿ ನಮಸ್ಕರಿಸಿ ಕ್ಲಾಸಿನೊಳಗೆ ಹೋದೆ. ಎಲ್ಲರೂ ಹೋ ಎಂದು ನಕ್ಕರು. ದ್ರಾಕ್ಷಿ ತೋಟದ ಶ್ರೀಮಂತರ ಮಗ, ಪಾಲಿಶ್ ಬೂಟಿನ ಭಾವುಸಾಹೇಬ, "ಗುಡಿಗೆ ಬಂದಿ ಏನ ಬೇ? ಕಾಯಿ ಎಲ್ಲೈತಿ?" ಎಂದ. ಸಂಜೆ ನೋಡಿದರೆ ಚಪ್ಪಲಿ ಮಾಯ!

ಬರಿಗಾಲಲ್ಲಿ ಅಳುತ್ತ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕಾಲೇಜು ಸಾಕಾಗಿತ್ತು. ಸುಂದರಾ ಹಿಂದಿನಿಂದ ಬಂದು ನನ್ನ ಜಡೆ ಎಳೆದಳು. ಬಿಕ್ಕುತ್ತಲೇ ಅಪ್ಪನ ಮಾತು, ಮಾವನ ಸುದ್ದಿ ಎಲ್ಲ ಹೇಳಿಬಿಟ್ಟೆ. "ಅಳೂದಿದ್ರ ಇಲ್ಲೇ ಅತ್ತು ಮುಗಸ. ನಾಳೆ ಒಂದ ದಿನಾ ಬಾ. ಆಮ್ಯಾಲೆ ಬೇಕಾದ್ರ ಆ ಮಾವನ್ನ ಮಾಡ್ಕೊ." ಅಪ್ಪನಿಗೆ ಗೊತ್ತಾಗದಿರಲೆಂದು ತನ್ನ ಚಪ್ಪಲಿ ನನಗೆ ಹಾಕಿಸಿ, ತಾನು ಬರಿಗಾಲಲ್ಲಿ ಹೋದಳು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ನಿಂತು ಒಬ್ಬೊಬ್ಬರ ಕಿವಿಯಲ್ಲೂ ಊದಿದಳು: "ಹೊಸಾ ಇಂಗ್ಲಿಷ್ ಸರ್ ಭಾಳ ಕಡಕ್ ಅದಾರ. ಚಪ್ಪಲ್ ಹಾಕ್ಕೊಂಡ ಒಳಗ ಬಂದ್ರ ಹಾಜರಿ ಇಲ್ಲ." ಎಲ್ಲರೂ ನಂಬಿದರು! ಬಾಗಿಲಲ್ಲಿ ಚಪ್ಪಲಿಗಳ ರಾಶಿಯೇ ಬಿತ್ತು. ಭಾವುಸಾಹೇಬನ ಬೂಟೂ ಬಿಚ್ಚಿತು. ಹರಿದ ಕಾಲುಚೀಲದಿಂದ ಹೆಬ್ಬೆರಳು ಇಣುಕಿತು. ನನಗೆ ನಗು ತಡೆಯಲಾಗಲಿಲ್ಲ. ಪಾಪ, ಹೊಸ ಸರ್ ರಾಶಿ ನೋಡಿ, ಇದು ಇಲ್ಲಿಯ ಪದ್ಧತಿಯೇ ಇರಬೇಕೆಂದು ತಮ್ಮ ಬೂಟನ್ನೂ ಕಳಚಿದರು.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. "ಯಾರದಿದು ಕಿತಾಪತಿ?"

ಇನ್ನೊಂದು ತಂಟೆ ಮಾಡಿದರೆ ಕಾಲೇಜಿನಿಂದ ಹೆಸರು ತೆಗೆಯುತ್ತೇನೆಂದು ಅವರು ಸುಂದರಾಗೆ ಮೊದಲೇ ತಾಕೀತು ಮಾಡಿದ್ದರು. ಆದರೂ ಅವಳು ಏಳತೊಡಗಿದಳು. ಅವಳಿಗಿಂತ ಮೊದಲು ನಾನೇ ಎದ್ದೆ.

"ನಾನ್ರಿ ಸರ. ಮೊದಲ ಚಪ್ಪಲಿ ಬಿಟ್ಟಾಕಿ ನಾನ. ಕಲಿಯೂ ಜಾಗಾ ಅಂತ ಬಿಟ್ಟೆ. ತಪ್ಪೇನ್ರಿ?"

ಯಾರೂ ನಗಲಿಲ್ಲ. "ನಾಳೆ ಅಪ್ಪನ್ನ ಕರಕೊಂಡ ಬಾ" ಎಂದರು ಪ್ರಿನ್ಸಿಪಾಲರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ. ಸುಂದರಾ ಕಿಟಕಿಯ ಹೊರಗೆ ಕಿವಿಗೊಟ್ಟು ನಿಂತಿದ್ದಳು. ಪ್ರಿನ್ಸಿಪಾಲರು ನಡೆದದ್ದನ್ನೆಲ್ಲ ಹೇಳಿ, "ಇಡೀ ಕ್ಲಾಸಿನ ಮುಂದ ನನಗ ತಿರುಗಿ ಕೇಳ್ಯಾಳ ನಿಮ್ಮ ಮಗಳು" ಎಂದರು.

"ಕೇಳುವಾಗ ಅಳಾಕತ್ತಿದ್ಳೇನ್ರಿ?"

"ಇಲ್ಲ."

ಅಪ್ಪ ಕಂಬಳಿ ಕೊಡವಿ ಎದ್ದ. "ಹಂಗಾರ ಇಕಿ ಸೋದರಮಾವ ಬ್ಯಾರೆ ಕನ್ಯಾ ನೋಡ್ಕೊಳ್ಳಲಿ ಬಿಡ್ರಿ."